ಜಾಗ ಬದಲಿಸುವ ಸದ್ದು

ಆ ಮನೆಯಲ್ಲಿ ಬಟ್ಟೆಯ ಬೀರುವೇ ಸ್ಟುಡಿಯೋ ಆಗಿತ್ತು. ಗೋಡೆಯೊಳಗೇ ಕಟ್ಟಿದ, ಒಬ್ಬರು ಸ್ಟೂಲು ಹಾಕಿಕೊಂಡು ಕೂರುವಷ್ಟು ಆಳದ ಬೀರು. ಮೂರೂ ಕಡೆ ಕೋಟು, ಅಂಗಿ, ಹಳೆಯ ರಗ್ಗುಗಳು ನೇತಾಡುತ್ತಿದ್ದುದರಿಂದ ಹೊರಗಿನ ಗಲಾಟೆ ಒಳಗೆ ನುಸುಳುತ್ತಿರಲಿಲ್ಲ, ಒಳಗಿನ ದನಿ ಗೋಡೆಗೆ ಬಡಿದು ಮಾರ್ದನಿಸುತ್ತಿರಲಿಲ್ಲ. ಅತ್ತೆ ಅದರೊಳಗೆ ಕೂತು ಮೈಕಿನ ಮುಂದೆ ಪುಸ್ತಕ ಓದುತ್ತಿದ್ದರು. ಸೊಸೆ ಹೊರಗೆ ಕಂಪ್ಯೂಟರಿನ ಮುಂದೆ ಕೂತು ಅದನ್ನು ರೆಕಾರ್ಡ್ ಮಾಡಿಕೊಂಡು, ಆಮೇಲೆ ಕೆಮ್ಮು, ತೊದಲು, ಪುಟ ತಿರುವಿದ ಸದ್ದು ಎಲ್ಲವನ್ನೂ ಕತ್ತರಿಸಿ ಹಸನು ಮಾಡುತ್ತಿದ್ದಳು. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿಸುವ ಒಂದು ಸಂಸ್ಥೆಗೆ ಇಬ್ಬರೂ ಸೇರಿ ಮಾಡುತ್ತಿದ್ದ ಕೆಲಸ ಅದು. "ಅಜ್ಜಿ ಬೀರು ಒಳಗಿದ್ದಾರೆ. ಅಂಗಿ ಬೇಕಂದ್ರೆ ಅಧ್ಯಾಯ ಮುಗಿಯೋ ತನಕ ಕಾಯಬೇಕಂತೆ, ನಿಮ್ಮಮ್ಮನ ಆರ್ಡರು," ಎಂದು ಗಂಡ ಬನಿಯನ್ನಿನಲ್ಲೇ ನಿಂತು ಮಗಳ ಹತ್ತಿರ ದೂರುತ್ತಿದ್ದ.

ಅದೆಲ್ಲ ಒಂಬತ್ತು ತಿಂಗಳ ಹಿಂದಿನ ಮಾತು. ಈಗ ಬೀರುವಿನಲ್ಲಿ ಬರೀ ಬಟ್ಟೆ.

ಈಗ ಓದುವವಳು ನರ್ಸರಿ ಶಾಲೆಯ ಟೀಚರು, ಊರಿನ ಇನ್ನೊಂದು ತುದಿಯ ಹುಡುಗಿ. ತನ್ನ ಮನೆಯಲ್ಲೇ ಓದಿ ಫೈಲು ಕಳಿಸುತ್ತಾಳೆ. ಸೊಸೆಯ ಪಾಲಿಗೆ ಉಳಿದಿರುವುದು ಕತ್ತರಿಸಿ ಜೋಡಿಸುವ ಕೆಲಸ. ಆ ಬುಧವಾರ ಬೆಳಿಗ್ಗೆ, ಗಂಡ ಆಸ್ಪತ್ರೆಯ ಲ್ಯಾಬಿಗೆ, ಮಗಳು ಶಾಲೆಗೆ ಹೋದ ಮೇಲೆ, ಹೆಡ್‌ಫೋನು ಹಾಕಿಕೊಂಡು ಹುಡುಗಿಯ ಆರನೇ ಅಧ್ಯಾಯ ಕೇಳತೊಡಗಿದಳು. ಎರಡನೇ ವಾಕ್ಯಕ್ಕೇ ಅವಳ ಮುಖ ಸಿಂಡರಿಸಿತು. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂತೆ, ಪಟ್, ಪಟಪಟ, ಪಟ್. ನಾಲ್ಕನೇ ಸಲ ಓದಿಸಿದ ಅಧ್ಯಾಯ ಇದು. ಬಾಯಿ ಒಣಗಿದರೆ ಹೀಗಾಗುತ್ತೆ, ನೀರು ಕುಡಿದು ಓದಿ ಎಂದು ಮೊದಲನೇ ಸಲ ಬರೆದಿದ್ದಳು. ಎರಡನೇ ಸಲ, ಓದುವ ಮುಂಚೆ ಒಂದು ಸೇಬು ತಿನ್ನಿ ಎಂದು. ಮೂರನೇ ಸಲ ಸ್ವಲ್ಪ ಖಾರವಾಗಿಯೇ, ಬಾಯಿಯ ಸದ್ದಿನ ಬಗ್ಗೆ ಗಮನ ಕೊಡಿ ಎಂದು. ಅದಕ್ಕೆ ಹುಡುಗಿ ಉತ್ತರ ಬರೆದಿದ್ದಳು: "ಅಕ್ಕಾ, ಸೇಬು ತಿಂದು ತಿಂದು ಸಾಕಾಗಿದೆ. ನನ್ನ ಮೊಬೈಲಲ್ಲಿ ಹಾಕಿದರೆ ಏನೂ ಕೇಳಿಸಲ್ಲ. ನನ್ನ ಕಿವಿಯೇ ಸರಿ ಇಲ್ವೇನೋ. ಬೇಜಾರು ಮಾಡ್ಕೋಬೇಡಿ."

ಸೊಸೆಗೆ ಬೇಜಾರೇ ಆಗಿತ್ತು. ತಿಂಗಳಾಂತ್ಯಕ್ಕೆ ಪುಸ್ತಕ ಮುಗಿಸಿಕೊಡಬೇಕು. ಇಂಥ ಸದ್ದನ್ನು ಬುಡಸಮೇತ ಕಿತ್ತುಹಾಕುವ ಇನ್ನೂ ಜೋರಾದ ಸಾಫ್ಟ್‌ವೇರು ಏನಾದರೂ ಇದ್ದೀತೇ ಎಂದು ಕೇಳಲು ರಿಪೇರಿಯಣ್ಣನಿಗೆ ಫೋನು ಮಾಡಿದಳು. ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ಅವನು. ಹೆಸರು ಏನೋ ಇದೆ, ಯಾರೂ ಕರೆಯುವುದಿಲ್ಲ.

"ಏನಕ್ಕ, ಮತ್ತೆ ಕೀಬೋರ್ಡಿಗೆ ಟೀ ಕುಡಿಸಿದ್ರಾ?"

"ಈ ಸಲ ಏನೂ ಕುಡಿಸಿಲ್ಲಪ್ಪ. ಸೌಂಡು ಪಟಪಟ ಅಂತಿದೆ. ಓದೋ ಹುಡುಗಿ ಬಾಯಿದು. ಅದನ್ನ ತೆಗೆಯೋಕೆ ಒಂದು ಒಳ್ಳೆ ಸಾಫ್ಟ್‌ವೇರ್ ಹೇಳು."

"ಹುಡುಗಿ ಬಾಯಿ ನಮ್ಮ ಅಂಗಡೀಲಿ ರಿಪೇರಿ ಮಾಡಲ್ವಲ್ಲ," ಎಂದ ಅವನು. ಹಿಂದೆ ಯಾವುದೋ ಸ್ಕ್ರೂ ಬಿಚ್ಚುವ ಸದ್ದು ಕೇಳುತ್ತಿತ್ತು. "ಅದೇ ಫೈಲು ಬೇರೆ ಕಡೆ ಹಾಕಿ ಕೇಳಿದ್ರಾ?"

"ಬೇರೆ ಕಡೆ ಅಂದ್ರೆ?"

"ನಿಮ್ಮ ಮೊಬೈಲಲ್ಲಿ. ಟೀವೀಲಿ. ಎಲ್ಲಾದ್ರೂ."

"ಇಲ್ಲ. ನಾನು ಕೇಳೋದು ಇದರಲ್ಲೇ."

"ಹೋಗ್ಲಿ ಬಿಡಿ. ಒಂದು ಕೆಲಸ ಮಾಡಿ. ಒಂದೇ ವಾಕ್ಯನ ಎರಡು ಸಲ ಹಾಕಿ. ಆ ಪಟ್ ಅನ್ನೋದು ಎರಡು ಸಲಾನೂ ಅದೇ ಅಕ್ಷರದ ಮೇಲೆ ಬರುತ್ತಾ, ಇಲ್ಲ ಜಾಗ ಬದಲಾಯಿಸುತ್ತಾ ನೋಡಿ. ರೆಕಾರ್ಡ್ ಆಗಿರೋ ಸದ್ದು ಇದ್ದಲ್ಲೇ ಇರುತ್ತೆ. ಓಡಾಡೋ ಸದ್ದಾದ್ರೆ ಅದು ಫೈಲಿನದ್ದಲ್ಲ, ನಿಮ್ಮ ಪೆಟ್ಟಿಗೇದು."

ಸೊಸೆಯ ಕೈ ಮೌಸಿನ ಮೇಲೆ ಹೋಗಿ ಅಲ್ಲೇ ನಿಂತಿತು.

"ಹಲೋ. ಅಕ್ಕಾ, ಇದ್ದೀರಾ?"

"ಬದಲಾಯಿಸುತ್ತೆ," ಎಂದಳು.

"ಹಾಕಿ ನೋಡದೇನೇ ಹೇಳ್ತಿದ್ದೀರಲ್ಲ."

"ಗೊತ್ತು. ಬದಲಾಯಿಸುತ್ತೆ."

ಅವನು ಅದನ್ನು ಕೆದಕಲಿಲ್ಲ. ಸೆಟ್ಟಿಂಗ್ಸ್ ತೆಗೆಯಲು ಹೇಳಿದ, ಅದರೊಳಗೆ ಬಫರ್ ಎಂದಿರುವ ಕಡೆ ಎಷ್ಟಿದೆ ಎಂದು ಓದಲು ಹೇಳಿದ. ಅರವತ್ತನಾಲ್ಕು ಎಂದು ಇವಳು ಓದಿದಳು. ಅವನು ನಕ್ಕುಬಿಟ್ಟ.

"ನೋಡಿ, ಬಾಯಾರಿದವನೊಬ್ಬ ನೀರು ಕುಡೀತಾನೇ ಇದ್ದಾನೆ, ನಿಲ್ಲಿಸಲ್ಲ ಅಂದ್ಕೊಳ್ಳಿ. ನೀವು ಬೆರಳು ಗಾತ್ರದ ಲೋಟದಲ್ಲಿ ತುಂಬಿಸಿ ತುಂಬಿಸಿ ಕೊಡ್ತಿದ್ದೀರಿ. ಇನ್ನೊಂದು ತುಂಬಿಸೋ ಹೊತ್ತಿಗೆ ಇವನು ಖಾಲಿ ಲೋಟ ಕುಕ್ಕುತಾನೆ. ಆ ಕುಕ್ಕಿದ್ದೇ ಪಟ್ ಅಂತ ಕೇಳ್ಸೋದು. ಅದರ ಮೇಲೆ ನೀವು ಸದ್ದು ತೆಗೆಯೋ ಸಾಫ್ಟ್‌ವೇರ್ ಒಂದರ ಮೇಲೊಂದು ಹೇರಿರ್ತೀರಿ. ಲೋಟ ತುಂಬೋದು ಇನ್ನೂ ನಿಧಾನ. ಸಾವಿರದ ಇಪ್ಪತ್ನಾಲ್ಕು ಮಾಡಿ ಅದನ್ನ."

ಮಾಡಿದಳು. ಹುಡುಗಿಯ ಆರನೇ ಅಧ್ಯಾಯ ಮತ್ತೆ ಹಾಕಿದಳು. ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛವಾಗಿತ್ತು.

"ಹೋಯ್ತಾ? ಹುಡುಗಿ ಬಾಯಿ ರಿಪೇರಿ ಆಯ್ತು ನೋಡಿ," ಎಂದ ರಿಪೇರಿಯಣ್ಣ. "ಅಂದಹಾಗೆ ಅದನ್ನ ಅರವತ್ನಾಲ್ಕಕ್ಕೆ ಇಟ್ಟ ಪುಣ್ಯಾತ್ಮರು ಯಾರು?"

"ನಾನೇ," ಎಂದು ಅವಳು ಫೋನು ಇಟ್ಟಳು.

ಅವಳೇ ಇಟ್ಟಿದ್ದಳು, ಅದೂ ಅತ್ತೆಗೋಸ್ಕರ. ಅತ್ತೆ ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದಲ್ಲಿ ಗಾಡಿಗಳ ಬರುವಿಕೆ ಹೋಗುವಿಕೆ ಕೂಗಿ ಹೇಳುವ ಕೆಲಸದಲ್ಲಿದ್ದವರು. ಗಾಜಿನ ಕೋಣೆಯೊಂದರಲ್ಲಿ ಕೂತು ಅವರು ಆಡಿದ ಮಾತು, ಪ್ಲಾಟ್‌ಫಾರಂ ಕಂಬಗಳ ಸ್ಪೀಕರುಗಳಿಂದ ಅರ್ಧ ಕ್ಷಣ ತಡವಾಗಿ ಅವರ ಕಿವಿಗೇ ವಾಪಸು ಬರುತ್ತಿತ್ತು. ಬೀರುವಿನಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡು ಓದುವಾಗಲೂ ಹಾಗೇ ಆಯಿತು. "ನನ್ನ ದನೀನೇ ಇಪ್ಪತ್ತೆಂಟು ವರ್ಷ ನನ್ನ ಬೆನ್ನು ಹತ್ಕೊಂಡು ಬರ್ತಿತ್ತು. ಈಗಲಾದ್ರೂ ಅದರ ಕೈಯಿಂದ ಬಿಡಿಸಮ್ಮ," ಎಂದಿದ್ದರು. ಬಫರು ಚಿಕ್ಕದು ಮಾಡಿದರೆ ದನಿ ತಡವಾಗುವುದಿಲ್ಲ ಎಂದು ಎಲ್ಲೋ ಓದಿ, ಸೊಸೆ ಅದನ್ನು ಅರವತ್ತನಾಲ್ಕಕ್ಕೆ ಇಳಿಸಿದ್ದಳು. ದನಿ ಬಾಯಿಂದ ಹೊರಟ ಕ್ಷಣಕ್ಕೇ ಕಿವಿ ಸೇರಿತು. ಅತ್ತೆ ಬೀರುವಿನಿಂದಲೇ ಕೈ ಹೊರಚಾಚಿ ಹೆಬ್ಬೆರಳೆತ್ತಿ ತೋರಿಸಿದ್ದರು. ಆಮೇಲೆ ಇವಳು ಅದನ್ನು ಮರೆತೇಬಿಟ್ಟಳು.

ಓದುತ್ತಿದ್ದುದು ಗಡಿಯಾರಗಳ ಚರಿತ್ರೆಯ ಬಗೆಗಿನ ಒಂದು ದಪ್ಪ ಪುಸ್ತಕ. ಅತ್ತೆಗೆ ಅದು ಬರೀ ಕಾಲಕ್ಷೇಪ ಆಗಿರಲಿಲ್ಲ. ಅವರು ನಿವೃತ್ತರಾದ ಮರುದಿನವೇ ನಿಲ್ದಾಣದಲ್ಲಿ ಯಂತ್ರದ ದನಿ ಹಾಕಿದ್ದರು. ಇಪ್ಪತ್ತೆಂಟು ವರ್ಷ ಲಕ್ಷಾಂತರ ಜನ ಕಿವಿಗೊಟ್ಟ ದನಿ ಒಂದು ಟೇಪಿನಲ್ಲೂ ಉಳಿದಿರಲಿಲ್ಲ. "ಗಾಳಿಗೆ ಬರೆದ ಹಾಗಾಯ್ತು. ಇದಾದ್ರೂ ಇರ್ಲಿ," ಎಂದು ಅವರು ಮೊದಲ ದಿನ ಸ್ಟೂಲಿನ ಮೇಲೆ ಕೂರುವಾಗ ಹೇಳಿದ್ದರು. ಬಾಯಲ್ಲಿ ಮೇಲಿನ ಸಾಲು ಪೂರ್ತಿ ಹಲ್ಲುಸೆಟ್ಟು. ಕೆಳಗೆ ಮುಂದೆ ಅವರದೇ ಮೂರು ಹಲ್ಲು, ಉಳಿದಿದ್ದು ಸೆಟ್ಟು. "ಈ ಮೂವರು ಪರ್ಮನೆಂಟ್ ಸ್ಟಾಫು," ಎಂದು ಮೊಮ್ಮಗಳಿಗೆ ತೋರಿಸುತ್ತಿದ್ದರು. ಮೊಮ್ಮಗಳಿಗೆ ಅವರೇ ಇಟ್ಟ ಅಡ್ಡಹೆಸರು ಪಿಟೀಲು. ಕೂಸಾಗಿದ್ದಾಗ ಅಳುವುದು ಹಾಗೇ ಇತ್ತಂತೆ, ಒಂದೇ ತಂತಿಯ ಮೇಲೆ.

ಹದಿನಾಲ್ಕನೇ ಅಧ್ಯಾಯದ ಕೊನೆಗೆ, ಒಂದು ಸೋಮವಾರ, ಸೊಸೆಯ ಹೆಡ್‌ಫೋನಿನಲ್ಲಿ ಪಟಪಟ ಶುರುವಾಯಿತು. ಆ ವಾರವಷ್ಟೇ ಅವಳು ಗದ್ದಲ ತೆಗೆಯುವ ಸಾಫ್ಟ್‌ವೇರು ಒಂದನ್ನು ಹೊಸದಾಗಿ ಹಾಕಿಕೊಂಡಿದ್ದಳು. ಅದರ ಮೇಲೆ ಅನುಮಾನ ಬರಲಿಲ್ಲ. ನಿಮ್ಮ ಹಲ್ಲಿನ ಸದ್ದು ಎಂದು ಅತ್ತೆಗೆ ಹೇಳಿದಳು.

ಸಂಸ್ಥೆಯವರು ಒಂದು ಮಾತೂ ಅಂದಿರಲಿಲ್ಲ. ಅವರಿಗೆ ಫೈಲು ಹೋಗುವ ಮುಂಚೆ ಕೇಳುವ ಕಿವಿ ಇವಳದೊಂದೇ. ಆ ಕಿವಿ ಹೇಳಿದ್ದನ್ನು ಅತ್ತೆ ವೇದವಾಕ್ಯದಂತೆ ನಂಬಿದರು. ಹಲ್ಲುಸೆಟ್ಟಿಗೆ ಅಂಟು ಹಚ್ಚಿಕೊಂಡು ಓದಿದರು. ಪಟಪಟ ಹೋಗಲಿಲ್ಲ. ಕೆಳಗಿನದನ್ನು ತೆಗೆದಿಟ್ಟು ಓದಿದರು. ಅಕ್ಷರಗಳೆಲ್ಲ ಜಾರಿ ಬಿದ್ದವು, ಪಟಪಟ ಮಾತ್ರ ಹಾಗೇ ಉಳಿಯಿತು. "ಗಡಿಯಾರದ ಪುಸ್ತಕ ತಾನೆ, ಟಿಕ್ ಟಿಕ್ ಅಂದ್ರೆ ಏನು ತಪ್ಪು?" ಎಂದು ಊಟದ ಹೊತ್ತಿನಲ್ಲಿ ಗಂಡ ತಮಾಷೆ ಮಾಡಿದ. ಅತ್ತೆ ನಗಲಿಲ್ಲ. "ಆ ಮೂರು ಹಲ್ಲಿಗೆ ಸೆಟ್ಟು ತಾಗುತ್ತಿರಬೇಕು," ಎಂದರು. "ಅವನ್ನ ತೆಗೆಸಿ ಪೂರ್ತಿ ಸೆಟ್ಟು ಹಾಕಿಸಿದ್ರೆ ಸರಿಹೋಗುತ್ತೆ."

ಅದೇ ವಾರ, ಬುಧವಾರ, ದಂತವೈದ್ಯರಲ್ಲಿ ಕೇಳಿಕೊಂಡು ಬಂದರು. ಹಲ್ಲು ಗಟ್ಟಿಯಾಗಿವೆ, ಇನ್ನೂ ಹತ್ತು ವರ್ಷ ಬರುತ್ತವೆ, ಕೀಳಲು ಮನಸ್ಸು ಬರುವುದಿಲ್ಲ ಎಂದು ವೈದ್ಯರು ಹೇಳಿದ್ದರಂತೆ. ಇವರು ಹಟ ಹಿಡಿದು ಶನಿವಾರಕ್ಕೆ ಒಪ್ಪಿಸಿ ಬಂದಿದ್ದರು.

ಗುರುವಾರ ಮಧ್ಯಾಹ್ನ ಪಿಟೀಲುವಿಗೆ ಜ್ವರ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಸೊಸೆ ಹದಿನಾಲ್ಕನೇ ಅಧ್ಯಾಯದ ಒಂದು ವಾಕ್ಯವನ್ನು ಮೂರು ಸಲ ಹಾಕಿದಳು. ಮೊದಲ ಸಲ ಪಟ್ ಎಂದಿದ್ದು 'ಲೋಲಕ' ಎಂಬ ಪದದ ಮೇಲೆ. ಎರಡನೇ ಸಲ ಆ ಪದ ನುಣ್ಣಗೆ ಹೋಗಿ, ಪಟ್ ಎಂಬುದು ಮೂರು ಪದ ಮುಂದೆ ಬಿತ್ತು. ಮೂರನೇ ಸಲ ವಾಕ್ಯಗಳ ನಡುವಿನ ಮೌನದಲ್ಲಿ, ಅತ್ತೆ ಬಾಯಿಯನ್ನೇ ತೆರೆಯದ ಕಡೆ. ಇದೇನು ಹೀಗೆ ಎಂದು ಅವಳಿಗೆ ಅನ್ನಿಸಿತು. ಖಂಡಿತ ಅನ್ನಿಸಿತು. ಅಷ್ಟರಲ್ಲಿ ಮಗಳು ನೀರು ಕೇಳಿದಳು. ನೀರು ಕುಡಿಸಿ ಬಂದು ಕೂತಾಗ ಆ ಕಿಟಕಿಯನ್ನು ಮುಚ್ಚಿ ಬೇರೆ ಕೆಲಸ ತೆರೆದಳು.

ಜ್ವರದ ಮೇಲೆ, ಕೆಲಸದ ರಾಶಿಯ ಮೇಲೆ ಭಾರ ಹಾಕಬಹುದಿತ್ತು. ಇಷ್ಟು ದಿನ ಹಾಗೇ ಹಾಕಿದ್ದಳು. ಆದರೆ ಈ ಬುಧವಾರ ಫೋನು ಇಟ್ಟು ಬೀರುವಿನ ಕಡೆ ನೋಡುತ್ತ ಕೂತಾಗ ಆ ನೆವಗಳು ಒಂದೊಂದೇ ಕಳಚಿದವು. ಮದುವೆಯಾಗಿ ಬಂದ ಲಾಗಾಯ್ತಿನಿಂದ ಅತ್ತೆ ಅವಳ ಉಚ್ಚಾರ ತಿದ್ದಿದವರು. ಬಂದವರ ಎದುರಿಗೇ, ನಗುನಗುತ್ತಲೇ, "ಹಾಗಲ್ಲಮ್ಮ, ಬಾಯಿ ತೆರೆದು ಹೇಳು" ಎನ್ನುವವರು. ಅಂಥ ಬಾಯಲ್ಲಿ ಮೊದಲ ಸಲ ಇವಳಿಗೊಂದು ತಪ್ಪು ಸಿಕ್ಕಿತ್ತು. ಮೂರೇ ದಿನಕ್ಕೆ ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ.

ಶನಿವಾರ ಹಲ್ಲು ಕೀಳಿಸಿದರು. ವಸಡು ಮಾಗಲು ಎರಡು ತಿಂಗಳು. ಹೊಸ ಸೆಟ್ಟು ಹಾಕಿಕೊಂಡು ಅತ್ತೆ ಬೀರುವಿನಲ್ಲಿ ಕೂತರು. 'ಸ' ಎಂದಾಗ ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಅದನ್ನಾದರೂ ಅಭ್ಯಾಸದಿಂದ ಸರಿಮಾಡಿಕೊಳ್ಳುತ್ತಿದ್ದರೇನೋ. ಆದರೆ ಸೊಸೆಯ ಹೆಡ್‌ಫೋನಿನಲ್ಲಿ ಪಟಪಟ ಹಾಗೇ ಇತ್ತು. ಹಾಗೆಂದು ಸೊಸೆ ಹೇಳಿದಾಗ ಅತ್ತೆ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು. "ಇನ್ನು ಕೀಳಿಸೋಕೆ ಏನೂ ಉಳಿದಿಲ್ಲ ಕಣಮ್ಮ. ಬೇರೆಯವರನ್ನ ನೋಡ್ಕೊಳ್ಳಿ," ಎಂದರು.

ಒಂದು ಪುಸ್ತಕಕ್ಕೆ ಒಂದೇ ದನಿ ಎಂಬುದು ಸಂಸ್ಥೆಯ ನಿಯಮ. ನರ್ಸರಿ ಟೀಚರು ಬಂದಾಗ ಮೊದಲ ಅಧ್ಯಾಯದಿಂದ ಶುರುವಾಯಿತು, ಅತ್ತೆಯ ಹದಿನಾಲ್ಕು ಅಧ್ಯಾಯ ಮೂಲೆ ಸೇರಿದವು. ಅತ್ತೆ ಅಂದಿನಿಂದ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯತೊಡಗಿದರು. ಪಿಟೀಲುವಿಗೆ ರಾತ್ರಿಯ ಕಥೆ ನಿಂತಿತು. ಫೋನು ಬಂದರೆ ಮಗನ ಕೈಗೆ ದಾಟಿಸುವರು. ಹೊಸ ಹುಡುಗಿಯ ಫೈಲುಗಳಲ್ಲೂ ಪಟಪಟ ಕೇಳಿದಾಗ, ಇಬ್ಬರ ಬಾಯಲ್ಲೂ ಒಂದೇ ಸದ್ದು ಹೇಗೆ ಬಂತೆಂದು ಸೊಸೆ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಆ ಗುರುವಾರ ನೆನಪಾಗುತ್ತಿತ್ತು.

ಈಗ ಅವಳು ಹಳೆಯ ಫೋಲ್ಡರು ತೆರೆದಳು. ಮೊದಲ ಒಂಬತ್ತು ಅಧ್ಯಾಯ ಕೈಬಿಟ್ಟು ಹೋಗಿದ್ದವು. ಆಮೇಲೆ ಅವುಗಳಲ್ಲೂ ಕೇಳಿಸಿದ, ನಿಜಕ್ಕೂ ಇಲ್ಲದ ಪಟಪಟವನ್ನು ತೆಗೆಯಲು ಹೋಗಿ ಸಾಫ್ಟ್‌ವೇರು ಟ, ತ, ಕ ಅಕ್ಷರಗಳ ಅಂಚನ್ನೆಲ್ಲ ಸವರಿಬಿಟ್ಟಿತ್ತು, ಅವಳು ಅದನ್ನು ಮೂಲದ ಮೇಲೇ ಉಳಿಸಿದ್ದಳು. ಹತ್ತರಿಂದ ಹದಿನಾಲ್ಕರವರೆಗಿನವನ್ನು ಮಾತ್ರ, ಇನ್ನಿದು ಬರ್ಕತ್ತಾಗುವುದಿಲ್ಲವೆಂದು, ಮುಟ್ಟದೇ ಬಿಟ್ಟಿದ್ದಳು. ಆ ಐದನ್ನೂ ಮೊಬೈಲಿಗೆ ಹಾಕಿಕೊಂಡು, ಎದ್ದು ಹಿಂದಿನ ಬಾಲ್ಕನಿಗೆ ನಡೆದಳು. ಅತ್ತೆ ಅಲ್ಲಿ ಒಣಗಿದ ಬಟ್ಟೆಗಳನ್ನು ಹಗ್ಗದಿಂದ ತೆಗೆದು ಮಡಚುತ್ತಿದ್ದರು.

"ಅತ್ತೆ, ಇದನ್ನ ಸ್ವಲ್ಪ ಕೇಳ್ತೀರಾ?"

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು, "ಏನದು?" ಎಂದರು.

ಸೊಸೆ ಮೊಬೈಲನ್ನು ಬಟ್ಟೆಯ ರಾಶಿಯ ಮೇಲಿಟ್ಟು ಒತ್ತಿದಳು. ದನಿ ಬಂತು. ಅವಸರವಿಲ್ಲದ, ಪ್ರತಿ ಅಕ್ಷರವನ್ನೂ ಕೈಹಿಡಿದು ಇಳಿಸುವ ದನಿ: "ಗೋಪುರದ ಗಡಿಯಾರಗಳಿಗೆ ಮೊದಮೊದಲು ಮುಳ್ಳುಗಳೇ ಇರಲಿಲ್ಲ. ಗಂಟೆ ಬಾರಿಸುವುದಷ್ಟೇ ಅವುಗಳ ಕೆಲಸ. ಊರಿನ ಜನ ಹೊತ್ತನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು."

ಅತ್ತೆಯ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಚಿದಲ್ಲೇ ನಿಂತಿತು.

"ಹನ್ನೆರಡನೇದು ಇದು," ಎಂದರು.

"ಹೂಂ."

"ಪಟಪಟ ತೆಗೆದೆಯಾ? ಚೆನ್ನಾಗಿ ತೆಗೆದಿದ್ದೀಯ."

"ತೆಗೆದಿಲ್ಲ ಅತ್ತೆ. ನೀವು ಓದಿದ್ದು ಓದಿದ ಹಾಗೇ ಇದೆ. ಇದರಲ್ಲಿ ಆ ಸದ್ದು ಇರಲೇ ಇಲ್ಲ. ಅದು ನನ್ನ ಕಂಪ್ಯೂಟರಿಂದು. ನಾನೇ ಒಂದು ನಂಬರು ತಪ್ಪಾಗಿ ಇಟ್ಟಿದ್ದೆ."

"ಒಂದು ನಂಬರು," ಎಂದರು ಅತ್ತೆ.

"ಹೂಂ."

ಮೊಬೈಲಿನ ದನಿ ಇನ್ನೂ ಓದುತ್ತಲೇ ಇತ್ತು. ಅತ್ತೆ ಬಗ್ಗಿ ಅದನ್ನು ನಿಲ್ಲಿಸಿದರು. ಬಾಯಿಗೆ ಹಿಡಿದ ಕೈ ಯಾವಾಗ ಕೆಳಗಿಳಿಯಿತೋ ಅವರಿಗೇ ತಿಳಿಯಲಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು?"

ಇವತ್ತು ಎಂಬ ಮಾತು ಸೊಸೆಯ ನಾಲಿಗೆಯ ತುದಿಯಲ್ಲಿತ್ತು. ಅದು ಸುಳ್ಳೂ ಅಲ್ಲ. ರಿಪೇರಿಯಣ್ಣ ಹೇಳಿದ್ದು ಇವತ್ತೇ. ಬೇಕಿದ್ದರೆ ಅವನಿಗೇ ಫೋನು ಹಚ್ಚಿ ಕೇಳಬಹುದು. ಇವತ್ತು ಎಂದರೆ, ಪಾಪ ಅವಳಿಗಾದರೂ ಏನು ಗೊತ್ತಿತ್ತು ಎಂದು ಅತ್ತೆ ಸುಮ್ಮನಾಗುವರು. ಮನೆಯಲ್ಲಿ ಎಲ್ಲವೂ ಒಂದಿಷ್ಟು ಹಗುರಾಗುವುದು. ಆದರೆ ಅತ್ತೆ ಕೇಳುತ್ತಿದ್ದ ರೀತಿ, ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಖಚಿತ ಮಾಡಿಕೊಳ್ಳುವವರ ಹಾಗಿತ್ತು. ತಪ್ಪು ಹೇಳಿದರೆ ಜನ ತಪ್ಪು ಗಾಡಿ ಹತ್ತುತ್ತಾರೆ.

"ಇವತ್ತು ಖಾತ್ರಿ ಆಯ್ತು," ಎಂದಳು. "ಅನುಮಾನ ಮುಂಚೇನೇ ಬಂದಿತ್ತು. ಪಿಟೀಲುಗೆ ಜ್ವರ ಬಂದಿತ್ತಲ್ಲ, ಆ ಗುರುವಾರ. ಸದ್ದು ಒಂದೊಂದು ಸಲ ಒಂದೊಂದು ಕಡೆ ಬರ್ತಿತ್ತು. ನಿಮ್ಮ ಹಲ್ಲಿಂದಾಗಿದ್ರೆ ಹಾಗಾಗ್ತಿರ್ಲಿಲ್ಲ. ನೋಡಿದೆ. ನೋಡಿ ಸುಮ್ಮನಾದೆ."

ಅತ್ತೆ ದಿಂಬಿನ ಚೀಲವನ್ನು ಮಡಚಿದರು. ಮತ್ತೆ ಮಡಚಿದರು. ಇನ್ನು ಮಡಚಲಾಗದಷ್ಟು ಚಿಕ್ಕದಾಗುವವರೆಗೆ ಮಡಚಿದರು.

"ಗುರುವಾರ."

"ಹೂಂ ಅತ್ತೆ."

"ಶನಿವಾರ ನನ್ನ ಕರ್ಕೊಂಡು ಹೋದವಳು ನೀನೇ."

"ಹೂಂ."

"ಬಸ್ಸಲ್ಲಿ ನನ್ನ ಕೈ ಹಿಡ್ಕೊಂಡಿದ್ದೆ. ಭಯ ಆಗ್ತಿದೆಯಾ ಅತ್ತೆ, ಅಂತ ಕೇಳಿದೆ."

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿಯ ಹಾರ್ನು ಒತ್ತಿ ಹಿಡಿದಿದ್ದರು.

"ಆ ಹುಡುಗಿಗೆ ಏನೂ ಅಂದಿಲ್ಲ ತಾನೆ?" ಎಂದರು ಅತ್ತೆ.

"ಯಾವ ಹುಡುಗಿ?"

"ಈಗ ಓದ್ತಾಳಲ್ಲ."

"ಬರೆದಿದ್ದೆ. ಬಾಯಿ ಸದ್ದು ಅಂತ. ಮೂರು ಸಲ."

"ಮೊದಲು ಅವಳಿಗೆ ಫೋನ್ ಮಾಡು. ಎಳೇ ಹುಡುಗಿ. ಮೂವತ್ತೆರಡೂ ಇರ್ತಾವೆ ಬಾಯಲ್ಲಿ."

"ಈಗ ಶಾಲೇಲಿರ್ತಾಳೆ ಅತ್ತೆ. ನಾಳೆ..."

"ನಾಳೆ ಅನ್ನಬೇಡ. ನಾಳೆ ಗುರುವಾರ."

ಸೊಸೆ ಅಲ್ಲೇ ನಿಂತು ಫೋನು ಮಾಡಿದಳು. ಹುಡುಗಿ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ. ತಪ್ಪು ತನ್ನದು, ಫೈಲುಗಳು ನಾಲ್ಕೂ ಸಲ ಚೆನ್ನಾಗಿಯೇ ಇದ್ದವು, ದಯವಿಟ್ಟು ಕ್ಷಮಿಸಬೇಕು ಎಂದು ಸೊಸೆ ಒಂದೇ ಉಸಿರಿಗೆ ಹೇಳಿದಳು. ಹುಡುಗಿ ಗಟ್ಟಿಯಾಗಿ ನಕ್ಕಳು. "ಅಯ್ಯೋ, ಹೋಗ್ಲಿ ಬಿಡಿ ಅಕ್ಕ. ನಾನು ಈ ವಾರ ಬಿಟ್ಟೇಬಿಡೋಣ ಅಂತಿದ್ದೆ. ನನಗೇ ಮಾತಾಡೋಕೆ ಒಂಥರಾ ಆಗ್ತಿತ್ತು. ಕ್ಲಾಸಲ್ಲೂ," ಎಂದಳು. ಅತ್ತೆ ಬೇರೆ ಕಡೆ ನೋಡುತ್ತ, ಆ ಮಾತನ್ನೂ ಕೇಳಿಸಿಕೊಂಡರು.

ಫೋನು ಇಟ್ಟ ಮೇಲೆ ಸೊಸೆ ಹತ್ತಿರ ಹೋದಳು. "ನಾನು ಸಂಸ್ಥೆಯವರ ಹತ್ರ ಮಾತಾಡ್ತೀನಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನಿಮ್ಮ ಈ ಐದು ಅಧ್ಯಾಯ..."

"ಒಂದು ಪುಸ್ತಕಕ್ಕೆ ಒಂದೇ ದನಿ. ನೀನೇ ಹೇಳಿದ್ದು."

"ಹಾಗಾದ್ರೆ ಇನ್ನೊಂದು ಪುಸ್ತಕ ಕೇಳ್ತೀನಿ. ನಿಮಗೇ ಅಂತ."

"ಯಾರ ಹಲ್ಲಲ್ಲಿ ಓದಲಿ?"

ಕೇಳಿದ್ದು ಸಿಟ್ಟಿನಿಂದಲ್ಲ. ಉತ್ತರ ಇದ್ದರೆ ಹೇಳು ಎನ್ನುವಂತಿತ್ತು. 'ಸ' ಇಲ್ಲದ ಮಾತಾದ್ದರಿಂದ ಸೀಟಿಯೂ ಇರಲಿಲ್ಲ. ಅತ್ತೆ ಮಡಚಿದ ಬಟ್ಟೆಗಳನ್ನೆಲ್ಲ ಅವಳ ಕೈಗೆ ಪೇರಿಸಿದರು. "ಇವನ್ನ ಒಳಗಿಡು. ಮೊಬೈಲು ಇಲ್ಲಿ ಕೊಡು," ಎಂದು ಅದನ್ನು ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಬಟ್ಟೆಗಳನ್ನು ಬೀರುವಿನಲ್ಲಿಡಲು ಹೋದಾಗ ಸ್ಟೂಲು ಇನ್ನೂ ಅಲ್ಲೇ ಇರುವುದು ಕಂಡಿತು. ಅದರ ಮೇಲೆ ಗಂಡನ ಸ್ವೆಟರುಗಳು. ಸೊಸೆ ಅವನ್ನೆತ್ತಿ ಬೇರೆ ಕಡೆ ಇಟ್ಟಳು. ಆಮೇಲೆ, ಯಾಕೆ ತೆಗೆದೆ ಎಂದು ತನಗೇ ತೋಚದೆ, ಮತ್ತೆ ಅಲ್ಲೇ ಇಟ್ಟಳು.

ನಾಲ್ಕು ಗಂಟೆಗೆ ಪಿಟೀಲು ಶಾಲೆಯಿಂದ ಬಂದಳು. ಶೂ ಬಿಚ್ಚುತ್ತಿದ್ದವಳು ಒಂದು ಕಾಲಿನ ಮೇಲೇ ನಿಂತುಬಿಟ್ಟಳು.

"ಅಮ್ಮಾ, ಅಜ್ಜಿ ಯಾರ ಜೊತೆ ಮಾತಾಡ್ತಿದ್ದಾರೆ?"

"ಮಾತಾಡ್ತಿಲ್ಲ. ಓದ್ತಿದ್ದಾರೆ."

"ಮತ್ತೆ ಶುರು ಮಾಡಿದ್ರಾ?"

"ಇಲ್ಲ ಪುಟ್ಟಾ. ಅದು ಹಳೇದು. ಕೈಕಾಲು ತೊಳ್ಕೋ ಹೋಗು."

ಮಗಳು ಬಚ್ಚಲಿಗೆ ಹೋದಳು. ಸೊಸೆ ಟೀ ಲೋಟ ಹಿಡಿದು ಅತ್ತೆಯ ಬಾಗಿಲ ಮುಂದೆ ನಿಂತಳು. ಅಧ್ಯಾಯಗಳು ಒಂದಾದ ಮೇಲೊಂದು ನಡೆದಿದ್ದವು. ಈಗ ಹದಿನಾಲ್ಕನೆಯದು. ಲೋಲಕದ ಉದ್ದ, ಅದು ತೂಗುವ ಅವಧಿ, ಬೇಸಿಗೆಯಲ್ಲಿ ಲೋಹ ಹಿಗ್ಗಿ ಗಡಿಯಾರ ಹಿಂದೆ ಬೀಳುವುದು. ಅಂಚು ಮಾಸದ ಟ, ತ, ಕ. ಮೂರು ಹಲ್ಲಿಗೆ ತಾಗಿ ಬರುತ್ತಿದ್ದ ಸೀಟಿಯಿಲ್ಲದ 'ಸ'. ಬಾಗಿಲು ತಟ್ಟಲು ಕೈ ಎತ್ತಿದ್ದಳು, ಅಷ್ಟರಲ್ಲಿ ಓದು ನಿಂತಿತು.

ಅಧ್ಯಾಯ ಮುಗಿದಿತ್ತು, ಫೈಲು ಮುಗಿದಿರಲಿಲ್ಲ. ಕತ್ತರಿಸದೇ ಬಿಟ್ಟ ಫೈಲು. ಆ ಸೋಮವಾರ ಮೈಕು ಇನ್ನೂ ತೆರೆದೇ ಇತ್ತು.

"ಸರಿ ಬಂತಾ?" ಎಂದಿತು ಅತ್ತೆಯ ದನಿ ಒಳಗೆ, ಓದಿ ದಣಿದ, ಖುಷಿಯ ದನಿ.

ಆಮೇಲೆ ದೂರದಿಂದ, ಬೀರುವಿನ ಹೊರಗಿನಿಂದ, ಸೊಸೆಗೆ ತನ್ನದೇ ದನಿ ಕೇಳಿಸಿತು. "ಒಂದ್ನಿಮಿಷ ಅತ್ತೆ. ಏನೋ ಪಟಪಟ ಅಂತಿದೆ. ನಿಮ್ಮ ಹಲ್ಲೇ ಇರಬೇಕು." ಹಾಗೆ ಹೇಳುವಾಗ ಆ ದನಿಯಲ್ಲೊಂದು ಸಣ್ಣ ಹಿಗ್ಗಿತ್ತು. ಅಡಗಿಸಿಕೊಳ್ಳಲು ಹೋಗಿ ಅಡಗದ್ದು. ಉಚ್ಚಾರ ಮಾತ್ರ ಎಲ್ಲೂ ತಪ್ಪಿರಲಿಲ್ಲ.

"ನನ್ನದಾ?" ಎಂದಿತು ಅತ್ತೆಯ ದನಿ. ಬಟ್ಟೆಗಳು ಸರಿದ ಸದ್ದು. ಅಲ್ಲಿಗೆ ಫೈಲು ಮುಗಿಯಿತು.

ಬಾಗಿಲ ಆಚೆ ಮಂಚ ಕಿರುಗುಟ್ಟಿತು. ಟೀ ಲೋಟ ಬೆರಳು ಸುಡುತ್ತಿದ್ದರೂ ಸೊಸೆ ಅದನ್ನು ಕೈ ಬದಲಿಸಲಿಲ್ಲ. ಒಳಗೆ ಅತ್ತೆ ಮೊಬೈಲನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಒತ್ತಿದರು. ಸರಿ ಬಂತಾ. ಒಂದ್ನಿಮಿಷ ಅತ್ತೆ. ನಿಮ್ಮ ಹಲ್ಲೇ ಇರಬೇಕು. ಎರಡನೇ ಸಲವೂ ಪ್ರತಿಯೊಂದು ಅಕ್ಷರ, ಆ ಹಿಗ್ಗು ಕೂಡ, ಮೊದಲಿದ್ದ ಜಾಗದಲ್ಲೇ ಇತ್ತು.